ಅರ್ಧ ಖಾಲಿ ಬಿಟ್ಟ ಚೀಟಿ

ನಮ್ಮ ಮೇಷ್ಟ್ರು ತೀರಿಕೊಂಡು ಹದಿಮೂರು ದಿನ ಕಳೆದ ಮೇಲೆ ಮಳವಳ್ಳಿಯ ಶಾಲೆಯ ಹೆಡ್ಮೇಷ್ಟ್ರು ನನಗೆ ಫೋನ್ ಮಾಡಿದರು.

"ಭಾನುವಾರ ಹತ್ತೂವರೆಗೆ ಶ್ರದ್ಧಾಂಜಲಿ ಸಭೆ ಇಟ್ಕೊಂಡಿದೀವಿ ಮೇಡಂ. ನೀವು ಹತ್ತು ನಿಮಿಷ ಮಾತಾಡಬೇಕು. ಬೇರೇನೂ ಬೇಡ, ಆ ಸತ್ಯಾಗ್ರಹದ ಕತೆ ಹೇಳಿಬಿಡಿ. ಅವರ ಫೋಟೋ ಕೆಳಗೆ 'ಸತ್ಯಾಗ್ರಹಿ ಮೇಷ್ಟ್ರು' ಅಂತ ಬರೆಸೋಕೂ ಕೊಟ್ಟಿದೀವಿ."

ಆಗಲಿ ಸಾರ್ ಅಂದೆ. ಆ ಒಂದು ಪದವನ್ನು ನನ್ನ ಹೆಸರಿನ ಪಕ್ಕ ಇಡಬೇಡಮ್ಮ ಅಂತ ಮೇಷ್ಟ್ರು ಹೋದ ವರ್ಷ ನನ್ನ ಎದುರಿಗೆ ಕೂತು ಕೇಳಿಕೊಂಡಿದ್ದರು. ನಾನು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಟೀ ತರಿಸಲಾ ಸಾರ್ ಅಂತ ಕೇಳಿ ಮಾತು ಮರೆಸಿದ್ದೆ. ಈಗ ಟೀ ತರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಭಾನುವಾರಕ್ಕೆ ನಾಲ್ಕು ದಿನ ಇತ್ತು.

ನಾನು ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು. ನನಗಿಂತ ಹಿಂದೆ ಯಾರೂ ಎಸ್ಸೆಸ್ಸೆಲ್ಸಿ ಕೂಡ ದಾಟಿರಲಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಈಗ ಒಂದು ಗ್ರಾಮ ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿ, ಜನರ ಬಾಯಲ್ಲಿ ಪಿಡಿಓ. ಆ ಡಿಗ್ರಿ ನನ್ನ ಕೈಗೆ ಬಂದ ದಾರಿಯಲ್ಲೇ ಮೇಷ್ಟ್ರು ಒಂದು ದಿನ ಕೂತಿದ್ದರು. ದಾರಿಯಲ್ಲಿ ಅಂದರೆ ನಿಜವಾಗಿ ದಾರಿಯಲ್ಲೇ, ಡಾಂಬರಿನ ಮೇಲೆ. ಜನ ಸತ್ಯಾಗ್ರಹ ಅನ್ನುವುದು ಅದನ್ನೇ.

ಅವರಷ್ಟು ಹೆದರುವ ಮನುಷ್ಯನನ್ನು ನಾನು ನೋಡಿಲ್ಲ. ನಾಯಿಗೆ ಹೆದರುತ್ತಿದ್ದರು, ಇನ್‌ಸ್ಪೆಕ್ಷನ್‌ಗೆ ಹೆದರುತ್ತಿದ್ದರು, ಎಂಟು ಗಂಟೆಯ ಬಸ್ಸು ಏಳೂವರೆಗೇ ಹೊರಟುಬಿಡಬಹುದು ಎಂದು ಹೆದರಿ ಏಳಕ್ಕೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. ಶರಟಿನ ಜೇಬನ್ನು ಮೂರು ಸಲ ಮುಟ್ಟಿ ನೋಡಿಕೊಳ್ಳದೆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಕನ್ನಡಕ, ಪೆನ್ನು, ಮನೆ ಬೀಗದ ಕೈ. ಪಾಠದ ನಡುವೆ ಒಂದು ವಾಕ್ಯ ಹೇಳಿ, ಕಿಟಕಿಯ ಕಡೆ ನೋಡಿ, "ಸರೀನಾ? ಸರಿ ಅಲ್ವಾ?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಹಿಂದಿನ ಬೆಂಚಿನವರು ಅದನ್ನು ಹಾಗೇ ಅಣಕಿಸುತ್ತಿದ್ದರು. ಅವರು ಕೇಳಿಸಿಕೊಂಡು, "ನೋಡಿ, ನಿಮಗೂ ಅನುಮಾನ ಬಂತು, ಒಳ್ಳೇದು" ಅನ್ನುತ್ತಿದ್ದರು.

ಎಂಟನೇ ಕ್ಲಾಸಿನ ಮೊದಲ ದಿನ ಅವರು ನಮ್ಮನ್ನು ಕೇಳಿದ್ದು, "ಯಾರಿಗೆ ಇಂಗ್ಲಿಷ್ ಬರುತ್ತೆ, ಕೈ ಎತ್ತಿ."

ಯಾರು ಎತ್ತುತ್ತಾರೆ? ಅರ್ಧ ಕ್ಲಾಸು ಹಳ್ಳಿಗಳಿಂದ ಬಂದವರು.

"ಖಾದಿ ಅಂದ್ರೆ ಗೊತ್ತಾ?"

"ಗೊತ್ತು ಸಾ."

"ಸ್ವರಾಜ್ಯ? ಸ್ವದೇಶಿ? ಚರಕ? ಅಹಿಂಸೆ? ಸತ್ಯಾಗ್ರಹ?"

"ಗೊತ್ತು ಸಾ, ಗೊತ್ತು ಸಾ."

ಅವರು ಮೇಜಿನ ಮೇಲಿದ್ದ ಇಟ್ಟಿಗೆಯಷ್ಟು ದಪ್ಪದ ನಿಘಂಟನ್ನು ತೆರೆದು ಒಬ್ಬೊಬ್ಬರನ್ನೇ ಕರೆದು ತೋರಿಸಿದರು. ಇಂಗ್ಲಿಷರ ನಿಘಂಟು. ಅದರೊಳಗೆ ನಮ್ಮ ಖಾದಿ ಕೂತಿತ್ತು, ಚರಕ ಕೂತಿತ್ತು. "ನಿಮಗೆ ಆಗಲೇ ಆರು ಇಂಗ್ಲಿಷ್ ಪದ ಬರುತ್ತೆ. ಇನ್ನು ಉಳಿದದ್ದು ಕಲಿತರಾಯ್ತು" ಅಂದರು. ಅವತ್ತು ಮನೆಗೆ ಹೋಗಿ ನನ್ನ ಅವ್ವನಿಗೆ, "ನಿಂಗೂ ಇಂಗ್ಲೀಸ್ ಬತ್ತದೆ ಕಣವ್ವ" ಅಂದಿದ್ದೆ. ಅವ್ವ, "ಮೊದ್ಲು ಕೊಟ್ಟಿಗೆ ಬಳಿಯೋಗು, ಆಮೇಲ್ ಇಂಗ್ಲೀಸು" ಅಂದಿದ್ದಳು.

ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಈ ಪದಗಳು ಇಂಗ್ಲಿಷಿಗೆ ಹೋದ ಬಗೆಯನ್ನು ಅವರು ಕತೆಯ ಹಾಗೆ ಹೇಳುತ್ತಿದ್ದರು. ಇಲ್ಲಿ ನಡೆಯುತ್ತಿದ್ದುದನ್ನು ಪತ್ರಿಕೆಯವರು ಇಂಗ್ಲಿಷಿನಲ್ಲಿ ವರದಿ ಮಾಡಬೇಕು. ಆದರೆ ಆ ವಸ್ತುವೇ ಅವರಲ್ಲಿರಲಿಲ್ಲ, ಪದ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮ ಪದವನ್ನೇ ಓರೆ ಅಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ಅರ್ಥ ಬರೆಯುತ್ತಿದ್ದರು. ಬರೆಯುತ್ತ ಬರೆಯುತ್ತ ಓದುವವರಿಗೆ ರೂಢಿಯಾಯಿತು. ಪಕ್ಕದ ಅರ್ಥ ಹೋಯಿತು, ಓರೆಯಾಗಿದ್ದ ಅಕ್ಷರ ನೆಟ್ಟಗೆ ನಿಂತಿತು. "ನೀವೂ ಈಗ ಓರೆ ಅಕ್ಷರದವರು. ಇರಲಿ. ಪುಟ ಬಿಟ್ಟು ಓಡಿಹೋಗಬೇಡಿ, ಅಷ್ಟೇ" ಅನ್ನುತ್ತಿದ್ದರು.

ಒಬ್ಬ ತುಂಟ ಎದ್ದು ನಿಂತು ಕೇಳಿದ, "ಸಾ, ಮುದ್ದೆ ಯಾವಾಗ ಓಯ್ತದೆ ಸಾ ಅದ್ರೊಳಕ್ಕೆ?"

ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. ಮಾರನೆಯ ದಿನ ಬಂದು, "ಹುಡುಕಿದೆನಪ್ಪ, ಇಲ್ಲ. ಮುದ್ದೆ ಬೇಕು ಅಂತ ಯಾರೂ ಜೈಲಿಗೆ ಹೋಗಲಿಲ್ಲ ನೋಡು, ಅದಕ್ಕಿರಬಹುದು. ಸರೀನಾ?" ಅಂದರು.

ಅವರ ಮನೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬ ಒಂದಿತ್ತು. ಅದರಲ್ಲಿ ಚೀಟಿಗಳು. ಬಂಧುಬಳಗದವರು ಕಳಿಸಿದ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಯ ಬಿಳಿ ಭಾಗದಲ್ಲಿ ಒಂದೊಂದು ಪದ ಬರೆದಿಡುತ್ತಿದ್ದರು. ಪದ, ಅದು ಇಂಗ್ಲಿಷಿಗೆ ಹೋದ ಕಾಲ, ಯಾರ ಬಾಯಿಂದ ಹೋಯಿತು, ಹೋದ ಮೇಲೆ ಅರ್ಥ ಏನಾಯಿತು. ಸತ್ಯಾಗ್ರಹ ಅನ್ನುವ ಪದ ಹುಟ್ಟಿದ್ದು ನಮ್ಮ ನೆಲದಲ್ಲಲ್ಲ, ದಕ್ಷಿಣ ಆಫ್ರಿಕಾದಲ್ಲಿ ಎಂದು ನನಗೆ ತಿಳಿದದ್ದು ಆ ಡಬ್ಬದಿಂದ. ಲಾಠಿ ಬಹಳ ಹಿಂದೆಯೇ ಹೋಗಿತ್ತು ಎಂದು ಬೇರೆ ಕಟ್ಟಿಟ್ಟಿದ್ದರು. ಘೇರಾವ್ ಹೋದದ್ದು ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಕ್ಕೆ, ಅದಕ್ಕೆ ಇನ್ನೊಂದು ಕಟ್ಟು. ಪ್ರತಿ ಚೀಟಿಯಲ್ಲೂ ಮೇಲಿನ ಅರ್ಧದಲ್ಲಿ ಮಾತ್ರ ಬರಹ, ಕೆಳಗಿನ ಅರ್ಧ ಖಾಲಿ.

"ಯಾಕೆ ಸಾರ್ ಖಾಲಿ?"

"ನಾಳೆ ಯಾರಾದರೂ ಬಂದು ನೀನು ಬರೆದದ್ದು ತಪ್ಪು ಅಂದರೆ, ತಿದ್ದಿ ಬರೆಯೋಕೆ ಜಾಗ ಬೇಕಲ್ಲಮ್ಮ?"

ಒಂದು ಸಲ ನಮ್ಮನ್ನು ಶಿವಪುರಕ್ಕೆ ಕರೆದುಕೊಂಡು ಹೋಗಿದ್ದರು, ಬಾವುಟ ಹಾರಿಸಬಾರದು ಅಂದಾಗ ಹಾರಿಸಿದ ಜಾಗ ನೋಡಲು. ನಲವತ್ತು ಮಕ್ಕಳನ್ನು ಗೇಟಿನಲ್ಲಿ ಎಣಿಸಿದರು, ಒಳಗೆ ಎಣಿಸಿದರು, ಬಸ್ಸಿನಲ್ಲಿ ಎಣಿಸಿದರು. ಅಷ್ಟರ ನಡುವೆ ಅವರು ಹೇಳಿದ ಒಂದು ಮಾತು ಮಾತ್ರ ನೆನಪಿದೆ. "ಇಲ್ಲಿಗೆ ಬಂದವರಿಗೆಲ್ಲ ಹೆದರಿಕೆ ಇತ್ತು. ಹೆದರಿಕೆ ಇಲ್ಲದವರು ಬಂದಿದ್ದರೆ ಅದರಲ್ಲೇನು ದೊಡ್ಡದು?" ನಾನು ಆಗ ಅವರ ಮುಖ ನೋಡಿದ್ದೆ. ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುತ್ತಿದ್ದ ಹಾಗಿತ್ತು.

ಬಿ.ಎ. ಕೊನೆಯ ವರ್ಷದಲ್ಲಿ ನಾನು ಇಂಗ್ಲಿಷಿನಲ್ಲಿ ಫೇಲಾದೆ. ಮತ್ತೆ ಕಟ್ಟಿದೆ, ಮತ್ತೆ ಫೇಲಾದೆ. ಉಳಿದ ಎಲ್ಲದರಲ್ಲೂ ಪಾಸು, ಆ ಒಂದು ಪೇಪರು ಬಾಗಿಲಿಗೆ ಅಡ್ಡ ಹಾಕಿದ ಅಗುಳಿಯ ಹಾಗೆ. ಅಪ್ಪ ಒಂದೇ ಮಾತು ಹೇಳಿತು. "ಇನ್ನೊಂದ್ ಸಲ ನೋಡು ಮಗ. ಆಗ್ನಿಲ್ಲ ಅಂದ್ರೆ ಬುಟ್ಬುಡು. ದುದ್ದದ ಕಡೆಯೋರು ಕೇಳ್ತಾವ್ರೆ." ಕೇಳುತ್ತಿದ್ದದ್ದು ನನ್ನನ್ನು, ಮದುವೆಗೆ.

ನಾಚಿಕೆ ಬಿಟ್ಟು ನಮ್ಮ ಮೇಷ್ಟ್ರ ಮನೆ ಬಾಗಿಲು ತಟ್ಟಿದೆ. ಮೂರು ತಿಂಗಳು ದಿನಾ ಸಂಜೆ ಹೇಳಿಕೊಟ್ಟರು. ನನಗಿಂತ ಅವರಿಗೇ ಹೆಚ್ಚು ಗಾಬರಿ. ಪರೀಕ್ಷೆ ಮದ್ದೂರಿನಲ್ಲಿ, ಬೆಳಗ್ಗೆ ಹತ್ತಕ್ಕೆ. "ನಾನೇ ಜೊತೆಗೆ ಬರ್ತೀನಮ್ಮ. ನೀನು ದಾರಿಯಲ್ಲಿ ಬಸ್ಸಿಳಿದು ವಾಪಸ್ ಹೋಗಿಬಿಟ್ಟೀಯ" ಅಂದರು. ನನ್ನ ಮನಸ್ಸಿನಲ್ಲಿ ಅದು ಇದ್ದದ್ದು ಅವರಿಗೆ ಹೇಗೆ ತಿಳಿಯಿತೋ.

ಒಂದು ಕಳ್ಳತನ ಮಾಡಿದ್ದೆ. ಪರೀಕ್ಷೆಯ ದಿನವನ್ನು ಅಪ್ಪನಿಗೆ ಹೇಳಿರಲಿಲ್ಲ. ಹೇಳಿ, ಮತ್ತೆ ಫೇಲಾಗಿ, ಮತ್ತೆ ಆ ಮುಖ ನೋಡುವ ಶಕ್ತಿ ಇರಲಿಲ್ಲ. ಅವ್ವನಿಗೆ ಮಾತ್ರ ಗೊತ್ತು. ಆ ಬೆಳಗ್ಗೆ ಅಪ್ಪ ನನಗಿಂತ ಮೊದಲೇ ಎದ್ದು ಟವಲು ಹೆಗಲಿಗೆ ಹಾಕಿಕೊಂಡು, "ರಸ್ತೆ ತಡೆ ಅದೆ, ಓಯ್ತೀನಿ" ಅಂತ ಹೊರಟಿತು. ನಾಲೆಯ ಕೊನೆಯಲ್ಲಿದ್ದ ನಮ್ಮಂಥ ಊರುಗಳಿಗೆ ನೀರು ಬಂದಿರಲಿಲ್ಲ. ಭತ್ತದ ಸಸಿಗೆಂದು ಹಾಕಿದ ಒಟ್ಲು ಬಾಡುತ್ತಿತ್ತು. ಎಲ್ಲಿ ರಸ್ತೆ ತಡೆ ಅಂತ ನಾನು ಕೇಳಲಿಲ್ಲ. ಕೇಳಿದರೆ ನೀನೆಲ್ಲಿಗೆ ಅಂತ ಕೇಳಿಬಿಟ್ಟರೆ?

ಮೇಷ್ಟ್ರು ಮಳವಳ್ಳಿಯಲ್ಲೇ ಹತ್ತಿ ಸೀಟು ಹಿಡಿದಿದ್ದರು. ನಮ್ಮೂರ ಗೇಟಿನಲ್ಲಿ ನಾನು ಹತ್ತಿದೆ. ಕೈಯಲ್ಲಿ ಮೂರು ಪೆನ್ನು, ಒಂದು ರಟ್ಟು, ನೀರಿನ ಬಾಟಲು. ಭಾರತೀನಗರ ದಾಟಿ ಎರಡು ಮೈಲಿ ಹೋಗಿರಬೇಕು, ಬಸ್ಸು ನಿಂತಿತು. ಮುಂದೆ ಲಾರಿ, ಅದರ ಮುಂದೆ ಇನ್ನೊಂದು ಲಾರಿ, ಅದರಾಚೆ ಹಸಿರು ಟವಲುಗಳು. ನೂರಾರು ಜನ ರಸ್ತೆಗೆ ಅಡ್ಡ ಕೂತಿದ್ದರು. ಗಂಟೆ ಒಂಬತ್ತು.

ಮೇಷ್ಟ್ರು ಕೈಗಡಿಯಾರ ನೋಡಿದರು, ಜೇಬು ಮುಟ್ಟಿಕೊಂಡರು, ಮತ್ತೆ ಗಡಿಯಾರ ನೋಡಿದರು. "ಬಿಡ್ತಾರೆ, ಬಿಡ್ತಾರೆ" ಅಂದರು. ಒಂಬತ್ತೂಕಾಲಾಯಿತು. ಅವರ ಹಣೆಯಲ್ಲಿ ಬೆವರು. ಒಂಬತ್ತೂಮುಕ್ಕಾಲಿಗೆ ಕಾಲೇಜಿನ ಗೇಟಿನೊಳಗೆ ಇರಬೇಕು. ನಾನು ಓದಿದ್ದೆಲ್ಲ ಕಲಸಿಹೋಗುತ್ತಿತ್ತು. ಒಂಬತ್ತು ಇಪ್ಪತ್ತಕ್ಕೆ ಅವರು ಎದ್ದು, "ಬಾ" ಅಂದರು.

ರಸ್ತೆಯ ನಡುವೆ ನಿಂತಿದ್ದ ಮುಂದಾಳು ಅವರ ಗುರುತು ಹಿಡಿದ. "ನಮಸ್ಕಾರ ಮೇಷ್ಟ್ರೇ! ನಾನೂ ನಿಮ್ ಕೈಲೇ ಇಂಗ್ಲೀಸಲ್ಲಿ ಫೇಲಾದೋನು."

"ಇವಳೂ ಫೇಲಾದವಳೇ ಕಣಪ್ಪ. ಇವತ್ತು ಮೂರನೇ ಸಲ. ಹತ್ತು ಗಂಟೆಗೆ ಪರೀಕ್ಷೆ. ದಯವಿಟ್ಟು ಇವಳನ್ನ ಬಿಡಿ."

"ನಡ್ಕಂಡ್ ಓಗ್ಲಿ ಬುಡಿ ಸಾ, ಯಾರ್ ಬ್ಯಾಡ ಅಂದ್ರು?"

"ಮದ್ದೂರು ನಡೆಯೋ ದೂರವಾ? ಆ ಕಡೆ ಒಂದು ಗಾಡಿಯೂ ಇಲ್ಲ. ಒಂದು ಬೈಕಾದರೂ..."

"ಒಂದ್ ಗಾಡಿ ಬುಟ್ರೆ ಎಲ್ಲಾರ್ನೂವೆ ಬುಡ್ಬೇಕಾಯ್ತದೆ ಸಾ. ಅಲ್ಲೊಬ್ಬ ಮದ್ವೆ ಅಂತಾನೆ, ಇಲ್ಲೊಬ್ಬ ಆಸ್ಪತ್ರೆ ಅಂತಾನೆ. ನಾಲೆ ಇಂಜಿನಿಯರ್ ಸಾಯೇಬ್ರು ಬತ್ತಾವ್ರೆ, ಅವ್ರ್ ಬಂದು ಮಾತು ಕೊಡೋಗಂಟ ಏಳಂಗಿಲ್ಲ."

ಹಿಂದಿನಿಂದ ಯಾರೋ ಕೂಗಿದರು, "ಲೇ, ಮೇಷ್ಟ್ರಿಗೊಂದು ಗಾಂಧಿ ಟೋಪಿ ಕೊಡ್ರುಲಾ, ಅವ್ರೂ ಕೂತ್ಕಳ್ಲಿ!"

ನಕ್ಕರು. ಆಗ ನಾನು ಕೂತವರ ನಡುವೆ ಅಪ್ಪನನ್ನು ನೋಡಿದೆ. ಎರಡನೇ ಸಾಲು. ಅಪ್ಪನೂ ನನ್ನನ್ನು ನೋಡಿತು, ನನ್ನ ಕೈಯ ರಟ್ಟನ್ನು ನೋಡಿತು. ಆಮೇಲೆ ತಲೆ ತಗ್ಗಿಸಿತು. ನಾನು ರಟ್ಟನ್ನು ಬೆನ್ನ ಹಿಂದೆ ಸರಿಸಿದೆ.

ಮೇಷ್ಟ್ರು ಅಷ್ಟರಲ್ಲಿ ಕೂತುಬಿಟ್ಟಿದ್ದರು. ರೈತರು ನಮ್ಮ ಬಸ್ಸಿನ ಕಡೆಗೆ ಮುಖ ಮಾಡಿ ಕೂತಿದ್ದರೆ, ಇವರು ಅವರೆದುರಿಗೆ, ಅವರ ಮುಖ ನೋಡುತ್ತ, ಬಿಳಿ ಪಂಚೆಯಲ್ಲಿ, ಬರಿ ಡಾಂಬರಿನ ಮೇಲೆ. ನನ್ನ ಕೈಯಿಂದ ನೀರಿನ ಬಾಟಲನ್ನು ತೆಗೆದುಕೊಂಡು ದೂರ ಇಟ್ಟರು.

"ನೀವು ಇವಳನ್ನ ಬಿಡೋವರೆಗೂ ನಾನು ಏಳಲ್ಲ. ನೀರು ಕುಡಿಯಲ್ಲ. ನನಗೆ ಸಕ್ಕರೆ ಕಾಯಿಲೆ ಇದೆ, ಬೆಳಗ್ಗೆಯಿಂದ ಏನೂ ತಿಂದಿಲ್ಲ. ಆಮೇಲೆ ಏನಾದರೂ ಆದರೆ ನೀವೇ ನೋಡಿಕೊಳ್ಳಿ."

ನಗು ನಿಂತಿತು. ಮುಂದಾಳು ಗಾಬರಿಯಾದ. "ಏಳಿ ಸಾ, ಏನ್ ಸಾ ಇದು, ಏಳಿ." ಇವರು ಕಣ್ಣು ಮುಚ್ಚಿಕೊಂಡರು. ಬೆವರು ಕಿವಿಯ ಹಿಂದಿನಿಂದ ಕೊರಳಿಗೆ ಇಳಿಯುತ್ತಿತ್ತು. ಎಷ್ಟು ಹೊತ್ತು ಹಾಗಿದ್ದರೋ ಗೊತ್ತಿಲ್ಲ, ಐದು ನಿಮಿಷ ಇರಬಹುದು. ನಾನು ಅವರನ್ನೇ ನೋಡುತ್ತಿದ್ದೆ, ಅಪ್ಪ ಕೂತ ಸಾಲಿನ ಕಡೆ ಕಣ್ಣು ಹಾಯಿಸಲಿಲ್ಲ. ಗುಂಪಿನಲ್ಲಿ ಗುಜುಗುಜು ಎದ್ದಿತು, ಯಾರೋ ಎದ್ದರು, ಜಾಗ ಆಯಿತು. ಮುಂದಾಳು ನನ್ನ ರಟ್ಟೆ ಹಿಡಿದು ಎಳೆದು ತನ್ನದೇ ಬೈಕಿನ ಮೇಲೆ ಕೂರಿಸಿಕೊಂಡ. ನಾನು ತಿರುಗಿ ನೋಡಲಿಲ್ಲ. ಅಪ್ಪನ ಮುಖ ಕಾಣುತ್ತದೆ ಅಂತ ನೋಡಲಿಲ್ಲ.

ದಾರಿಯುದ್ದಕ್ಕೂ ಅವನು, "ಚೆನ್ನಾಗ್ ಬರಿ ಕಣಮ್ಮ, ನಂದೂ ಸೇರಿಸ್ಕಂಡ್ ಬರಿ" ಅನ್ನುತ್ತಿದ್ದ. ಗೇಟು ಮುಚ್ಚುವ ಹೊತ್ತಿಗೆ ಒಳಗೆ ಹೋದೆ. ಬರೆದೆ. ಪಾಸಾದೆ.

ಸಂಜೆ ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತಿತ್ತು.

"ಬರ್ದಾ?"

"ಬರ್ದೆ."

ಅಷ್ಟೇ. ಅಲ್ಲಿಂದ ಮುಂದೆ ಆ ದಿನದ ಬಗ್ಗೆ ನಮ್ಮಿಬ್ಬರಲ್ಲಿ ಮಾತಿಲ್ಲ. ನಾನು ಕೇಳಲಿಲ್ಲ, ಅದು ಹೇಳಲಿಲ್ಲ. ಆ ವರ್ಷ ನಮ್ಮ ಗದ್ದೆಯಲ್ಲಿ ಭತ್ತದ ಬದಲು ರಾಗಿ ಇತ್ತು. ಇತ್ತು ಅಂತ ಗೊತ್ತು, ಯಾಕೆ ಅಂತ ಯೋಚಿಸಲಿಲ್ಲ. ನನ್ನ ಕಣ್ಣು ಸರ್ಟಿಫಿಕೇಟಿನ ಮೇಲಿತ್ತು.

ಎರಡು ದಿನಕ್ಕೆ ಒಂದು ಪತ್ರಿಕೆಯಲ್ಲಿ ಫೋಟೋ ಬಂತು: "ವಿದ್ಯಾರ್ಥಿನಿಗಾಗಿ ಶಿಕ್ಷಕರ ಸತ್ಯಾಗ್ರಹ." ಶಾಲೆಯವರು ಅದನ್ನು ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ಹಾಕಿದರು. ಮೇಷ್ಟ್ರು ಪತ್ರಿಕೆಗೆ, ಆ ಪದ ಸರಿಯಲ್ಲ, ತಿದ್ದುಪಡಿ ಪ್ರಕಟಿಸಿ ಎಂದು ಕಾಗದ ಬರೆದರಂತೆ. ಪ್ರಕಟವಾಗಲಿಲ್ಲ. ಮತ್ತೆ ಬರೆದರಂತೆ. ಜನ ಅದನ್ನೂ ಅವರ ದೊಡ್ಡತನಕ್ಕೆ ಸೇರಿಸಿದರು. ಆಮೇಲೆ ನಿವೃತ್ತಿಯಾಗುವವರೆಗೂ ಅವರು ಆಫೀಸಿನಲ್ಲಿ ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದರು.

ನಾನು? ನಾನು ಹೋದಲ್ಲೆಲ್ಲ ಆ ಕತೆ ಹೇಳಿದೆ. ಕೆಲಸಕ್ಕೆ ಸೇರಿದ ದಿನ ಹೇಳಿದೆ, ಮದುವೆಯಾದ ಮನೆಯಲ್ಲಿ ಹೇಳಿದೆ. ನನಗಾಗಿ ಒಬ್ಬರು ಸತ್ಯಾಗ್ರಹ ಮಾಡಿದ್ದರು ಅಂದರೆ ನನ್ನ ಡಿಗ್ರಿಗೇ ಒಂದು ತೂಕ ಬರುತ್ತಿತ್ತು.

ಹೋದ ವರ್ಷ ನಮ್ಮ ಪಂಚಾಯಿತಿಯ ಮುಂದೆ ಧರಣಿ ನಡೆಯಿತು. ಕೊಳವೆಬಾವಿಯ ಮೋಟಾರು ಸುಟ್ಟು ನಾಲ್ಕು ದಿನವಾಗಿತ್ತು. ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಬಾಗಿಲಿಗೆ ಅಡ್ಡ ಕೂತಿದ್ದರು. "ಪಿಡಿಓ ಅಮ್ಮ, ನೀವ್ ಒಳಗೇ ಇರಿ, ನಾವ್ ಈಚೇಲೇ ಇರ್ತೀವಿ. ಯಾರ್ಗ್ ಮೊದ್ಲು ಬಾಯಾರಿಕೆ ಆಯ್ತದೋ ನೋಡವ" ಅಂತ ಒಬ್ಬಾಕೆ. ಮೆಕ್ಯಾನಿಕ್ಕು ಫೋನೆತ್ತುತ್ತಿಲ್ಲ, ನಾನು ಮತ್ತೆ ಮತ್ತೆ ಒತ್ತುತ್ತಿದ್ದೆ. ಆಗ ಆ ಕೊಡಗಳ ನಡುವೆ ಪಂಚೆ ಎತ್ತಿ ಹಿಡಿದು, "ಕ್ಷಮಿಸಿ ತಾಯಿ, ಸ್ವಲ್ಪ ಜಾಗ" ಅನ್ನುತ್ತ ಮೇಷ್ಟ್ರು ಬಂದರು. ಬಹಳ ಸೊರಗಿದ್ದರು. ಕೂತರು. ಜೇಬು ಮುಟ್ಟಿಕೊಂಡರು.

"ಹೊರಗಿರೋರು ನಿನ್ನನ್ನ ಹೆದರಿಸ್ತಿದಾರಾ, ಕೇಳ್ತಿದಾರಾ?"

"ಎರಡೂ ಸಾರ್."

"ಹೂಂ. ಅದೇ ಕಷ್ಟ." ಕಿಟಕಿಯ ಕಡೆ ನೋಡಿದರು. "ನನ್ನದು ಸತ್ಯಾಗ್ರಹ ಅಂತ ನೀನು ಎಲ್ಲ ಕಡೆ ಹೇಳ್ತೀಯಂತೆ. ಹೇಳಬೇಡಮ್ಮ. ಆ ಪದ ನನ್ನ ಹೆಸರಿನ ಪಕ್ಕ ಇಡಬೇಡ."

ಜೇಬಿನಿಂದ ಒಂದು ಚೀಟಿ ತೆಗೆದರು. ಅದೇ ಲಗ್ನಪತ್ರಿಕೆಯ ಹಿಂಬದಿ, ಅದೇ ಸಣ್ಣ ಅಕ್ಷರ. ಮೇಲೆ "ಧರಣಿ" ಎಂದಿತ್ತು.

"ಇದು ಸತ್ಯಾಗ್ರಹಕ್ಕಿಂತ ಎಷ್ಟೋ ಮೊದಲು ಇಂಗ್ಲಿಷಿಗೆ ಹೋದ ಪದ, ಕಂಪನಿ ಕಾಲದಲ್ಲೇ. ಆಗಿನ ಪದ್ಧತಿ ಏನು ಗೊತ್ತಾ? ಯಾರಿಂದಲಾದರೂ ಏನಾದರೂ ಬರಬೇಕಾದರೆ ಅವನ ಬಾಗಿಲಲ್ಲಿ ಉಪವಾಸ ಕೂರೋದು. ನಾನು ಸತ್ತರೆ ಆ ಪಾಪ ನಿನಗೆ ಅಂತ. ಸತ್ಯಾಗ್ರಹ ಅಂದರೆ ಕಷ್ಟ ನನಗಿರಲಿ, ನಿನ್ನ ಮನಸ್ಸು ನಿನ್ನಿಷ್ಟಕ್ಕೆ ತಿರುಗಲಿ ಅನ್ನೋದು. ನಾನು ಅವತ್ತು ಏನಂದೆ? ನನಗೆ ಸಕ್ಕರೆ ಕಾಯಿಲೆ, ಏನಾದರೂ ಆದರೆ ನೀವೇ ನೋಡಿಕೊಳ್ಳಿ ಅಂದೆ. ಮೇಷ್ಟ್ರು ಸತ್ತುಹೋದಾರು ಅಂತ ಹೆದರಿ ಎದ್ದರು. ಮೂವತ್ತು ವರ್ಷ ಈ ವ್ಯತ್ಯಾಸ ಪಾಠ ಮಾಡಿದವನು ನಾನು."

"ನನ್ನ ಪರೀಕ್ಷೆ ಉಳೀತಲ್ಲ ಸಾರ್."

"ಉಳೀತು. ನಿನ್ನನ್ನ ಬಿಟ್ಟ ಮೇಲೆ ಹಿಂದಿನ ಗಾಡಿಯವರೆಲ್ಲ ನುಗ್ಗಿದರು. ರಸ್ತೆ ತೆರೆದುಕೊಂಡಿತು ಅಂತ ಗೊತ್ತಾಗಿ ಇಂಜಿನಿಯರ ಜೀಪು ಅರ್ಧ ದಾರಿಯಿಂದ ಹಿಂದಕ್ಕೆ ಹೋಯಿತಂತೆ. ಆ ವಾರ ನೀರು ಬರಲಿಲ್ಲ. ನಾನು ಹದಿನೈದು ದಿನ ಬಿಟ್ಟು ನಿಮ್ಮೂರ ಕಡೆ ಹೋಗಿದ್ದೆ. ಒಟ್ಲೆಲ್ಲ ಒಣಗಿ ಹುಲ್ಲಾಗಿತ್ತು. ನಿಮ್ಮದೂ."

ಹೊರಗೆ ಕೊಡಗಳ ಸದ್ದು. ನನ್ನ ಕಣ್ಣಿಗೆ ಆ ವರ್ಷದ ರಾಗಿ ಕಂಡಿತು. ನನ್ನ ಡಿಗ್ರಿಗೆ ಯಾರ ಹಂಗೂ ಇಲ್ಲ ಅಂತ ತಲೆ ಎತ್ತಿ ಓಡಾಡಿದವಳು ನಾನು.

"ಆ ಜನರನ್ನ ಹೆದರಿಸಿ ಎಬ್ಬಿಸಿದೆನಲ್ಲ ಅನ್ನೋದು ನನಗೆ ಹೋಗ್ತಾ ಇಲ್ಲಮ್ಮ. ಹೆದರಿಯೇ ಎದ್ದಿರಾ ಅಂತ ನಿಮ್ಮ ತಂದೆಯವರನ್ನ ಒಂದು ಸಲ ಕೇಳೋಣ ಅಂದುಕೊಂಡು ಎಷ್ಟು ಸಲ ಹೊರಟೆ. ಬಸ್‌ಸ್ಟ್ಯಾಂಡಿನವರೆಗೂ ಬಂದು ವಾಪಸ್ ಹೋಗಿದೀನಿ. ನೀನು ಕೇಳ್ತೀಯಾ?"

ಆಗ ನಾನು ಟೀ ತರಿಸಲಾ ಸಾರ್ ಅಂದದ್ದು.

ಅವರು ಚೀಟಿಯನ್ನು ನನ್ನ ಮೇಜಿನ ಗಾಜಿನ ಕೆಳಗೆ ತೂರಿಸಿ ಹೋದರು. ಮೇಲಿನ ಅರ್ಧದಲ್ಲಿ ಪದದ ಕತೆ, ಅದರ ಕೊನೆಗೆ ಇನ್ನೊಂದು ಸಾಲು: "ನಾನೂ ಒಮ್ಮೆ ಮಾಡಿದ್ದೇನೆ, ಭಾರತೀನಗರದ ಹತ್ತಿರ, ರೈತರ ಎದುರು. ತಪ್ಪು." ಕೆಳಗಿನ ಅರ್ಧ ಖಾಲಿ. ಅದು ಒಂದು ವರ್ಷ ನನ್ನ ಕಣ್ಣೆದುರೇ ಇತ್ತು. ಅಪ್ಪನನ್ನು ನಾನು ಕೇಳಲಿಲ್ಲ. ಊರಿಗೆ ಹೋದಾಗಲೆಲ್ಲ ಈ ಸಲ ಕೇಳೋಣ ಅಂದುಕೊಳ್ಳುತ್ತಿದ್ದೆ, ಅಪ್ಪನ ಮುಖ ನೋಡಿದರೆ ನಾಲಿಗೆ ಏಳುತ್ತಿರಲಿಲ್ಲ. ಹೌದು ಕಣವ್ವ, ಹೆದರಿ ಎದ್ದೊ, ನಿನ್ನಿಂದ ಒಟ್ಲು ಹೋಯ್ತು ಅಂದುಬಿಟ್ಟರೆ? ಕೇಳದೆಯೇ ಮೇಷ್ಟ್ರು ಹೋಗಿಬಿಟ್ಟರು.

ಶನಿವಾರವೇ ಊರಿಗೆ ಹೋಗಿದ್ದೆ, ಭಾನುವಾರ ಅಪ್ಪನೂ ಹೊರಟಿತು. "ನಾನೂ ಬತ್ತೀನಿ, ಮೇಷ್ಟ್ರಿಗೊಂದ್ ಕೈ ಮುಗ್ದ್ ಬತ್ತೀನಿ" ಅಂತ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿತ್ತು, ಮಳವಳ್ಳಿಯವರೆಗೂ ನಾನು ಕೇಳಲಿಲ್ಲ. ಶಾಲೆಯ ಅಂಗಳದಲ್ಲಿ ಶಾಮಿಯಾನ. ಹೂ ಹಾಕಿದ ಫೋಟೋ, ಕೆಳಗೆ ಹೊಸ ಬಣ್ಣದಲ್ಲಿ ಆ ಎರಡು ಪದ. ಫೋಟೋದಲ್ಲೂ ಅವರು ಏನನ್ನೋ ಮರೆತು ಬಂದವರ ಹಾಗೆ ನೋಡುತ್ತಿದ್ದರು.

ನನ್ನನ್ನು ಕರೆದರು. ಮೈಕು ಹಿಡಿದೆ. ಕತೆ ಶುರು ಮಾಡಿದೆ. ರಟ್ಟು, ಬಾಟಲು, ಡಾಂಬರು. ಆ ಪದದ ಹತ್ತಿರ ಬಂದು ನಿಂತೆ. ಮಕ್ಕಳು ಕಾಯುತ್ತಿದ್ದರು, ಹೆಡ್ಮೇಷ್ಟ್ರು ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡಿದ್ದರು.

"ಇದನ್ನ ಸತ್ಯಾಗ್ರಹ ಅನ್ನಬೇಡ ಅಂತ ಮೇಷ್ಟ್ರೇ ನನಗೆ ಹೇಳಿದ್ದರು" ಅಂದೆ. ಆಮೇಲೆ ಎಲ್ಲ ಹೇಳಿದೆ. ಸಕ್ಕರೆ ಕಾಯಿಲೆಯ ಮಾತು, ಹಿಂದಕ್ಕೆ ಹೋದ ಜೀಪು, ಒಣಗಿದ ಒಟ್ಲು. "ನಾನು ಪಾಸಾಗಿದ್ದಕ್ಕೆ ಬೇರೆಯವರ ಸಸಿ ಒಣಗಿತು. ಹೆದರಿಸಿ ಎಬ್ಬಿಸಿದೆ ಅನ್ನೋ ಕೊರಗಲ್ಲೇ ಅವರು ಹೋದರು. ನಾನು ಎಲ್ಲ ಕಡೆ ಸುಳ್ಳು ಹೇಳಿಕೊಂಡು ಬಂದೆ."

ಹೆಡ್ಮೇಷ್ಟ್ರು ನೆಲ ನೋಡುತ್ತಿದ್ದರು.

ಹಿಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತಿತು. ಸಭೆಗಳಲ್ಲಿ ಮಾತಾಡಿದ ಮನುಷ್ಯ ಅಲ್ಲ. ಟವಲು ಕೈಯಲ್ಲಿ ಹಿಡಿದುಕೊಂಡು, ಮೈಕಿಲ್ಲದೆ, ಗದ್ದೆಯಾಚೆಗೆ ಕೂಗುವವರ ಹಾಗೆ ಕೂಗಿತು.

"ಯಾರವ್ವ ಎದ್ರಿಕಂಡ್ ಎದ್ದೋರು? ಮೊದ್ಲು ಎದ್ದೋನು ನಾನು! ನನ್ ಮಗಳ್ ಕೈಲಿ ರಟ್ಟು ನೋಡ್ದೆ, ಎದ್ದೆ. ಮೇಷ್ಟ್ರು ಕಣ್ಮುಚ್ಚಿದ್ರು, ಅವರ್ಗೆಲ್ಲಿ ಕಾಣ್ಬೇಕು? ಎದ್ದು ಪಕ್ಕದೋರ್ಗೆ ಅಂದೆ, ನನ್ ಕೂಸು ಕಣ್ರಲಾ, ಜಾಗ ಬುಡಿ ಅಂತ. ಅವ್ರೂ ಎದ್ರು. ಒಟ್ಲು ಓಯ್ತದೆ ಅಂತ ನಮ್ಗ್ ಗೊತ್ತಿರ್ನಿಲ್ವಾ? ಗೊತ್ತಿದ್ದೇ ಎದ್ದೊ."

ಅಪ್ಪ ಕೂತಿತು. ಮತ್ತೆ ಅರ್ಧ ಎದ್ದು ಫೋಟೋದ ಕಡೆ ನೋಡಿ, "ಅಯ್ಯೋ, ಇದ್ನ ಒಂದ್ ಮಾತು ಬಂದು ಕೇಳಿದ್ರೆ ನಾನೇ ಹೇಳ್ತಿರ್ನಿಲ್ವಾ ಸಾಮಿ" ಅಂದಿತು.

ಇದನ್ನು ಕೇಳಿಸಿಕೊಳ್ಳಬೇಕಾದವರು ಫೋಟೋದೊಳಗಿದ್ದರು. ಮಳವಳ್ಳಿಯಿಂದ ನಮ್ಮೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅವರು ಹೆದರಿ ಬರಲಿಲ್ಲ, ನಾನು ಹೆದರಿ ಕೇಳಲಿಲ್ಲ.

ಫೋಟೋದ ಕೆಳಗಿನ ಎರಡು ಪದಗಳನ್ನು ಹೆಡ್ಮೇಷ್ಟ್ರು ಅಳಿಸಿಸುತ್ತಾರೋ ಬಿಡುತ್ತಾರೋ ನನಗೆ ತಿಳಿಯದು. ಸೋಮವಾರ ಆಫೀಸಿಗೆ ಬಂದವಳೇ ಮೇಜಿನ ಗಾಜು ಎತ್ತಿ ಚೀಟಿ ತೆಗೆದೆ. ಕೆಳಗಿನ ಖಾಲಿ ಅರ್ಧದಲ್ಲಿ, ಅವರು ಬರೆಯುತ್ತಿದ್ದ ಹಾಗೇ ಸಣ್ಣ ಅಕ್ಷರದಲ್ಲಿ ಬರೆದೆ: "ತಿದ್ದುಪಡಿ. ಮೊದಲು ಎದ್ದವನು ನನ್ನ ಅಪ್ಪ. ಗೊತ್ತಿದ್ದೇ ಎದ್ದ."

ಬರೆದು, ಕಿಟಕಿಯ ಕಡೆ ನೋಡಿದೆ. ಸರೀನಾ ಸಾರ್?